ಅಪ್ಪ ಮಲಗ್ಯಾನ, ಸಪ್ಪಳ ಮಾಡಬ್ಯಾಡ್ರಿ

ಒಂದನೇ ಇಯತ್ತೆ ಕಲಿಸುವವರು ನಗುವುದಕ್ಕೆಂದು ನಾಟಕಕ್ಕೆ ಹೋಗಬೇಕಾಗಿಲ್ಲ. ಬೆಳಗ್ಗೆ ಹಾಜರಿ ಪುಸ್ತಕ ತೆರೆದರೆ ಸಾಕು, ನಾಟಕದ ಕಂಪನಿಯೇ ಮೂಗು ಒರೆಸಿಕೊಳ್ಳುತ್ತ ಒಳಗೆ ಬರುತ್ತದೆ. ನಾನು ಆ ಕಂಪನಿಯ ಜೊತೆಗೇ ಜನ್ಮ ಕಳೆದವಳು. ನಗುವಂಥ ಪ್ರಸಂಗ ವಾರಕ್ಕೊಂದಾದರೂ ಇದ್ದೇ ಇರುತ್ತಿತ್ತು. ಒಂದು ವಾರ ಮಾತ್ರ ದಿನಕ್ಕೊಂದರಂತೆ ನಡೆದವು. ಅದೂ ನೌಕರಿಯ ಮೊದಲ ವರ್ಷದಲ್ಲಿ, ಎಲ್ಲಿ ನಗಬೇಕು ಎಲ್ಲಿ ಅಳಬೇಕು ಎಂಬುದು ನನಗಿನ್ನೂ ತಿಳಿಯದಿದ್ದ ಕಾಲದಲ್ಲಿ.

ಸಾವಿರದ ಒಂಬೈನೂರ ಅರವತ್ತರ ಆಚೀಚೆಯ ಮಾತು. ನಾನು ಗಡಹಿಂಗ್ಲಜ ಕಡೆಯವಳು, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ವಯಸ್ಸು ಹತ್ತೊಂಬತ್ತು. ಇಚಲಕರಂಜಿಯ ಒಂದು ಮರಾಠಿ ಶಾಲೆಯ ಹಿಂದಿನ ಕೋಣೆಯಲ್ಲಿ ಆ ವರ್ಷವಷ್ಟೇ ಕನ್ನಡ ಒಂದನೇ ಇಯತ್ತೆ ತೆಗೆದಿದ್ದರು. ಹೊಟ್ಟೆಪಾಡಿಗೆಂದು ಅಥಣಿ, ಚಿಕ್ಕೋಡಿ, ಜಮಖಂಡಿ ಬಿಟ್ಟು ಬಂದು ಯಂತ್ರಮಗ್ಗಕ್ಕೆ ನಿಂತವರ ಮಕ್ಕಳು ನನ್ನ ಪಾಲಿಗೆ ಬಂದರು.

೧. ಹಲ್ಲಿನ ಲೆಕ್ಕ

ಸೋಮವಾರ ಬೆಳಗ್ಗೆ ಹೆಡ್ ಮಾಸ್ತರರು ಬಾಗಿಲಲ್ಲಿ ಬಂದು ನಿಂತರು. ಅವರು ಮರಾಠಿಯವರು, ಪಕ್ಕದ ಕೋಣೆಯಲ್ಲಿ ನಾಲ್ಕನೇ ಇಯತ್ತೆ ಕಲಿಸುತ್ತಿದ್ದರು, ಮರಾಠಿ ರೂಢಿಯಂತೆ ಅಕ್ಕೋರಿಗೆ 'ಬಾಯಿ' ಎನ್ನುತ್ತಿದ್ದರು. ನನ್ನ ಜೊತೆ ಮಾತಾಡುವಾಗ ಅರ್ಧ ಮರಾಠಿ, ಅರ್ಧ ಕನ್ನಡ, ಪೂರ್ತಿ ಸಿಟ್ಟು.

"ಬಾಯಿ, ಶನಿವಾರಿ ಕೊಲ್ಲಾಪುರದಿಂದ ಸಾಹೇಬ್ ತಪಾಸಣಿಗೆ ಬರತಾರ. ಹಾಜರಿ ಪಟದ ಮ್ಯಾಲ ಮೂವತ್ತು ಪೋರ ಅದಾವ. ಮೂವತ್ತೂ ಕಣ್ಣಿಗೆ ದಿಸಲೇ ಪಾಹಿಜೇತ, ಕಾಣಲೇಬೇಕು. ಒಂದು ಕಮ್ಮಿ ಆದ್ರ ವರ್ಗ ಬಂದ್."

ವರ್ಗ ಬಂದಾದರೆ ಮಕ್ಕಳು ಮರಾಠಿ ಕೋಣೆಯಲ್ಲಿ ಒಂದಕ್ಷರ ತಿಳಿಯದೆ ಪಿಳಿಪಿಳಿ ಕಣ್ಣು ಬಿಡುತ್ತ ಕೂಡಬೇಕು. ನಾನು ಊರಿಗೆ ಹೋಗಬೇಕು. ಊರಲ್ಲಿ ನಮ್ಮ ಕಾಕಾ ನನಗೊಂದು ವರ ನೋಡಿ ಇಟ್ಟಿದ್ದ. ವರ ದಿನವಿಡೀ ತಂಬಾಕು ತಿನ್ನುತ್ತಿದ್ದ, ಬಾಯಿ ತೆರೆದರೆ ಎದುರಿಗಿದ್ದವರು ಸರಿದು ನಿಲ್ಲಬೇಕಿತ್ತು. ನನಗೆ ಆ ಹಿಂದಿನ ಕೋಣೆಯೇ ಸ್ವರ್ಗವಾಗಿತ್ತು.

ಅವತ್ತಿನ ಹಾಜರಿ ಇಪ್ಪತ್ತೆರಡು. ಹೆಡ್ ಮಾಸ್ತರರು ಬೆರಳು ತೋರಿಸುತ್ತ ತಾವೇ ಎಣಿಸಿದರು, ಇಪ್ಪತ್ತಮೂರು ಬಂತು. ಮತ್ತೆ ಎಣಿಸಿದರು, ಮತ್ತೆ ಇಪ್ಪತ್ತಮೂರು. ನೋಡಿದರೆ ಮುಂದಿನ ಸಾಲಿನ ಒಂದು ಹುಡುಗಿಯ ತೊಡೆಯ ಮೇಲೆ ಅವಳ ತಮ್ಮ ಕೂತಿದ್ದ. ಎಂಟು ತಿಂಗಳ ಕೂಸು. ಅವ್ವ ಮಗ್ಗಕ್ಕೆ ನೂಲಿನ ಕಾಂಡಿ ಸುತ್ತುವ ಕೆಲಸಕ್ಕೆ ಹೋದರೆ ಕೂಸು ಅಕ್ಕನ ಜೊತೆ ಶಾಲೆಗೆ ಬರುತ್ತಿತ್ತು.

"ಇವನ ಹೆಸರು ಯಾಕ ಹಚ್ಚಿಲ್ಲ?" ಎಂದು ಹೆಡ್ ಮಾಸ್ತರರು ಕೊಂಕು ನುಡಿದರು.

ಹುಡುಗಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಎದ್ದು ನಿಂತು ಹೇಳಿದಳು. "ಇವಗ ಇನ್ನೂ ಹಲ್ಲ ಬಂದಿಲ್ರಿ. ಹಲ್ಲ ಇಲ್ಲದಾವ್ರನ್ನ ಸಾಲ್ಯಾಗ ತಗೋಳಂಗಿಲ್ಲಂತ್ರಿ."

ಹೆಡ್ ಮಾಸ್ತರರು ಅವಳ ಬಾಯಿ ನೋಡಿದರು. ಮುಂದಿನ ನಾಲ್ಕು ಹಲ್ಲು ಅವಳಿಗೂ ಇರಲಿಲ್ಲ.

೨. ಗುಟ್ಟಿನ ಮಾತು

ನಮ್ಮ ಮಕ್ಕಳ ಗಂಟಲು ದೊಡ್ಡದು. ಅದು ಅವರ ತಪ್ಪಲ್ಲ. ಮನೆಯ ಗೋಡೆಗೆ ಮಗ್ಗದ ಶೆಡ್ಡಿನ ಗೋಡೆ ಹತ್ತಿಕೊಂಡಿರುತ್ತಿತ್ತು, ಆಚೆ ಖಟಖಟ ನಿಲ್ಲುತ್ತಿರಲಿಲ್ಲ. ಆ ಮನೆಗಳಲ್ಲಿ ಉಪ್ಪು ಬೇಕೆಂದರೂ ಒದರಿಯೇ ಕೇಳಬೇಕು. ನಾವು "ಅ ಆ ಇ ಈ" ಎಂದು ಶುರು ಮಾಡಿದರೆ ಪಕ್ಕದ ಕೋಣೆಯ ನಾಲ್ಕನೇ ಇಯತ್ತೆ ತನ್ನ ಪಾಠ ಕೈಬಿಟ್ಟು ಕೂಡುತ್ತಿತ್ತು.

ಮಂಗಳವಾರ ಒಬ್ಬ ಹುಡುಗನ ತಂದೆ ಬಂದ. ರಾತ್ರಿ ಪಾಳಿ ಮುಗಿಸಿ, ಮೀಸೆಗೆ ಹುಬ್ಬಿಗೆ ಹತ್ತಿಯ ಧೂಳು ಅಂಟಿಸಿಕೊಂಡು ಸೀದಾ ಶಾಲೆಗೆ ಬಂದಿದ್ದ. "ಅಕ್ಕೋರ, ಒಂದ ಗುಟ್ಟಿನ ಮಾತೈತ್ರಿ" ಎಂದ. ಮರದ ಕೆಳಗೆ ಕರೆದುಕೊಂಡು ಹೋದೆ. ಆತ ಅತ್ತ ಇತ್ತ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, ನನ್ನ ಕಡೆ ಬಗ್ಗಿ ಹೇಳಿದ.

"ನಮ್ಮ ಹುಡುಗ ಇನ್ನೂ ಹಾಸಿಗ್ಯಾಗ ಉಚ್ಚಿ ಹೊಯ್ಕೋತಾನ್ರಿ. ಸಾಲ್ಯಾಗ ನಡನಡುವ ಹೊರಗ ಬಿಡ್ರಿ. ಯಾರಿಗೂ ಗೊತ್ತಾಗಬಾರ್ದ್ರಿ ಮತ್ತ."

ನಾಲ್ಕನೇ ಇಯತ್ತೆಯ ಪಾಠ ನಿಂತಿತು. ರಸ್ತೆಯಾಚೆ ಸೈಕಲ್ಲಿಗೆ ಪಂಕ್ಚರ್ ಹಚ್ಚುತ್ತಿದ್ದವ ತಲೆ ಎತ್ತಿದ. "ಸ್ವಲ್ಪ ಮೆಲ್ಲಕ ಮಾತಾಡ್ರಿ" ಎಂದೆ. ಆತನಿಗೆ ಬೇಸರವಾಯಿತು. "ಇದು ಮೆಲ್ಲಕ ಅಲ್ಲೇನ್ರಿ?" ಎಂದು ಊರಿಗೆಲ್ಲ ಕೇಳುವಂತೆ ಕೇಳಿದ.

ಅಷ್ಟರಲ್ಲಿ ಹುಡುಗ ಕಿಟಕಿಯ ಸರಳು ಹಿಡಿದು ನಿಂತಿದ್ದ. "ಅಪ್ಪಾ, ನಿನ್ನೆ ಹೊಯ್ಕೊಂಡಿಲ್ಲ ನಾ. ಅವ್ವನ್ನ ಕೇಳ ಬೇಕಾದ್ರ" ಎಂದು ಒದರಿದ.

ಗೋಡೆಯ ಆಚೆಯಿಂದ ಹೆಡ್ ಮಾಸ್ತರರ ದನಿ ಬಂತು. "ಶಾಬಾಸ."

೩. ಪಾಟಿ ಒರೆಸುವ ಅರಿವೆ

ಇದು ಸಣ್ಣ ಪ್ರಸಂಗ. ಮಕ್ಕಳು ಪಾಟಿಗೆ ಉಗುಳಿ ಅಂಗೈಯಿಂದ ಒರೆಸುತ್ತಿದ್ದವು. ಸಾಹೇಬರ ಮುಂದೆ ಹಾಗೆ ಮಾಡಿದರೆ ನನ್ನ ಮಾನ ಉಳಿಯುವುದೇ? "ನಾಳೆ ಎಲ್ಲಾರೂ ಒಂದೊಂದ ಅರಿವಿ ತುಂಡ ತರ್ರಿ" ಎಂದೆ. ಬೇರೆ ಊರಲ್ಲಾದರೆ ಹಳೆಯ ಚಿಂದಿ ಬರುತ್ತಿತ್ತು. ಇಲ್ಲಿ ಊರಿಗೆ ಊರೇ ಬಟ್ಟೆ ನೇಯುತ್ತಿತ್ತು.

ಬುಧವಾರ ಒಬ್ಬ ಹುಡುಗ ಒಂದು ಕಿನಾರಿ ಪಟ್ಟಿಯ ತುದಿ ಹಿಡಿದು ಒಳಗೆ ಬಂದ. ನೇಯ್ದ ಬಟ್ಟೆಯ ಅಂಚಿನಿಂದ ಕತ್ತರಿಸಿ ಬಿಸಾಕಿದ ಉದ್ದನೆಯ ಪಟ್ಟಿ ಅದು. ಹುಡುಗ ತನ್ನ ಜಾಗದಲ್ಲಿ ಕೂತು ಎಳೆಯತೊಡಗಿದ. ಪಟ್ಟಿ ಬಂತು, ಬಂದೇ ಬಂತು. ಹಾಜರಿ ಮುಗಿಯಿತು, ಪ್ರಾರ್ಥನೆ ಮುಗಿಯಿತು, ಮುಂದಿನ ಇಬ್ಬರು ಮಕ್ಕಳು ಕುತ್ತಿಗೆಯವರೆಗೆ ಪಟ್ಟಿಯಲ್ಲಿ ಮುಳುಗಿದರು.

"ಸಾಕೋ ಮಾರಾಯಾ" ಎಂದೆ.

"ತಡೀರಿ ಅಕ್ಕೋರ" ಎಂದ ಅವನು. "ಇನ್ನೊಂದ ತುದಿ ಇನ್ನೂ ನಮ್ಮ ಮನ್ಯಾಗ ಐತಿ."

೪. ಹೊಸ್ತಿಲ ಮೇಲಿನ ಕಾವಲು

ಎಲ್ಲ ಸರಿ, ಎಂಟು ಮಕ್ಕಳು ಬರುತ್ತಲೇ ಇರಲಿಲ್ಲ. ಗುರುವಾರ ಶಾಲೆ ಬಿಟ್ಟ ಮೇಲೆ ನಾನೇ ಹುಡುಕಲು ಹೊರಟೆ.

ಮೊದಲ ಮನೆಯ ಹೊಸ್ತಿಲ ಮೇಲೆ ಒಬ್ಬ ಹುಡುಗ ಕೂತಿದ್ದ. ಹೆಸರು ಹಚ್ಚಿದ ಮೇಲೆ ಶಾಲೆಯ ಮುಖ ನೋಡದವನು. "ಸಾಲಿಗೆ ಯಾಕ ಬರವಲ್ಲಿ?" ಎಂದೆ. ಹುಡುಗ ನನ್ನತ್ತ ನೋಡಿ ತುಟಿ ಆಡಿಸಿದ. ದನಿ ಬರಲಿಲ್ಲ. ಮತ್ತೆ ಕೇಳಿದೆ. ಮತ್ತೆ ತುಟಿ ಆಡಿಸಿ, ಇಲ್ಲದ ಮೀಸೆ ತಿರುವಿ, ಕೆನ್ನೆಗೆ ಎರಡೂ ಕೈ ಹಚ್ಚಿ, ಮನೆಯೊಳಗೆ ಬೆರಳು ತೋರಿಸಿದ.

ಪಕ್ಕದ ಮನೆಯ ಮುಂದೆ ಕಾಂಡಿ ಸುತ್ತುತ್ತಿದ್ದ ಒಬ್ಬ ಅಜ್ಜಿಯನ್ನು ಕೇಳಿದೆ. "ಪಾಪ, ಇಂಥಾ ಚೆಂದನ ಹುಡುಗ. ಹುಟ್ಟಾ ಮೂಕೇನ್ರಿ ಆಯಿ?"

ಹುಡುಗ ಎದ್ದು ನಿಂತ. "ಮೂಕಲ್ರಿ ನಾ" ಎಂದು ಓಣಿ ನಡುಗುವಂತೆ ಒದರಿದ. "ಅಪ್ಪ ಮಲಗ್ಯಾನ, ಸಪ್ಪಳ ಮಾಡಬ್ಯಾಡ್ರಿ ಅಂತ ಹೇಳಾಕತ್ತೇನ್ರಿ."

ಅಜ್ಜಿ ನಕ್ಕು ನಕ್ಕು ಕಾಂಡಿ ಕೆಳಗೆ ಹಾಕಿದಳು. "ಶೆಡ್ಡಿನ್ಯಾಗ ಒಬ್ಬರ ಮಾತು ಒಬ್ಬರಿಗೆ ಕೇಳಂಗಿಲ್ಲವ್ವಾ. ತುಟಿ ನೋಡಿ, ಕೈ ನೋಡಿ ತಿಳ್ಕೋತಾರ. ಬುತ್ತಿ ಒಯ್ದು ಒಯ್ದು ಹುಡುಗರೂ ಕಲ್ತಾವ. ಈ ಓಣಿಗೆಲ್ಲಾ ಯಾವಾಗ್ಲೂ ರಾತ್ರಿ ಪಾಳಿ. ಹಗಲಿ ಅಪ್ಪ ಮಲಗತಾನ, ಅವ್ವ ಕೆಲಸಕ್ಕ ಹೋಗ್ತಾಳ, ಹುಡುಗ ಕಾವಲಾ ಕೂಡತೈತಿ. ಕೂಸ ಅತ್ತು ಅಪ್ಪ ಎದ್ದಾ ಅಂದ್ರ ಮುಗೀತು. ಆಮ್ಯಾಲ ಎಷ್ಟ ಬೇಕಾದ್ರೂ ಒದರಬೌದು."

ಒಳಗಿನಿಂದ ಮೀಸೆಯ ಯಜಮಾನ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಬಂದ. ಮುಗಿಯಿತು ನನ್ನ ಕತೆ ಎಂದುಕೊಂಡೆ. ಆತ ನನ್ನನ್ನು ನೋಡಿದ, ಮಗನನ್ನು ನೋಡಿದ, ಆಕಳಿಸಿದ.

"ಎಬ್ಬಿಸಿ ಬಿಟ್ರಲ್ರಿ ಅಕ್ಕೋರ. ಆತು, ನಾಳಿಂದ ಇವನ್ನ ಕರಕೊಂಡ ಹೋಗ್ರಿ. ಕಾವಲ ಕುಂತಾವನ ಒದರಿ ಎಬ್ಬಿಸಿದ್ರ ಕಾವಲ ಯಾಕ?"

ನನಗೆ ದಾರಿ ಸಿಕ್ಕಿತು. ಹೊಸ್ತಿಲ ಮೇಲೆ ಹುಡುಗ ಕಂಡಲ್ಲೆಲ್ಲ 'ಮೂಕೇನೋ?' ಎಂದು ಕೇಳುತ್ತ ಹೋದೆ. ಕತ್ತಲಾಗುವುದರೊಳಗೆ ಏಳು ಮಂದಿ ಅಪ್ಪಂದಿರ ನಿದ್ದೆ ಕೆಡಿಸಿ ಏಳು ಮಕ್ಕಳನ್ನು ಗಳಿಸಿದೆ. ಎಂಟನೆಯ ಹುಡುಗ ದಾನೋಳಿಗೆ ಅಜ್ಜಿಯ ಮನೆಗೆ ಹೋಗಿದ್ದ. ಅಲ್ಲಿ ಹೋಗಿ ಯಾರನ್ನು ಎಬ್ಬಿಸಲಿ?

೫. ಸಾಹೇಬರ ಕಿವಿ

ಶುಕ್ರವಾರ ಹೆಡ್ ಮಾಸ್ತರರು ಕೊನೆಯ ಎಚ್ಚರಿಕೆ ಕೊಟ್ಟರು. "ಬಾಯಿ, ನಾಳೆ ತುಮಚೀ ಪೋರ ಒದರಿದ್ರ ಸಾಹೇಬ್ರ ಮುಂದ ನನ್ನ ಮೂಗ ಹೋಗತೈತಿ."

ನಾನು ಮಕ್ಕಳಿಗೆ ಸಾವಿರ ಸಲ ಹೇಳಿದೆ, ಸಪ್ಪಳ ಮಾಡಬೇಡಿ, ಮೆಲ್ಲಗೆ ಮಾತಾಡಿ ಎಂದು. "ಹೂನ್ರಿ ಅಕ್ಕೋರ" ಎಂದು ಛಾವಣಿ ಹಾರುವಂತೆ ಒದರಿದವು. ಕೊನೆಗೆ ನನಗೊಂದು ಶಾಣ್ಯಾತನದ ಉಪಾಯ ಹೊಳೆಯಿತು. "ನೋಡ್ರಿ, ಅಪ್ಪ ಮಲಗಿದ್ದಾಗ ಮನ್ಯಾಗ ಹೆಂಗ ಇರ್ತೀರಿ? ನಾಳೆ ಹಂಗ ಇರ್ರಿ" ಎಂದೆ. ಕೋಣೆ ಗಪ್ಪಾಯಿತು. ಮಕ್ಕಳಿಗೆ ತಿಳಿಯುವಂತೆ ಹೇಳಬೇಕು ನೋಡು, ಎಂದು ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ಶನಿವಾರ ಮುಂಜಾನೆಯ ಶಾಲೆ. ಮಕ್ಕಳು ಇಪ್ಪತ್ತೊಂಬತ್ತು. ನನ್ನ ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ನೋಡಿ ಆ ಹಲ್ಲಿಲ್ಲದ ಹುಡುಗಿ ತನ್ನ ತಮ್ಮನನ್ನು ಹಿಂದಿನ ಸಾಲಿನ ಗೋಡೆಗೆ ಆನಿಸಿ ಕೂಡಿಸಿದಳು. ತಲೆಗೆ ಯಾರದೋ ಟೋಪಿ ಹಾಕಿದಳು, ಮುಂದೆ ಒಂದು ಪಾಟಿ ಇಟ್ಟಳು. ಬೇಡ ಎನ್ನಬೇಕಾಗಿತ್ತು. ಅನ್ನಲಿಲ್ಲ.

ಸಾಹೇಬರು ಬಂದರು. ಪೆನ್ಶನ್ ಹತ್ತಿರ ಬಂದ ವಯಸ್ಸು, ಕೋಟು, ಕರಿ ಟೋಪಿ, ಒಳ್ಳೆ ಕನ್ನಡ ಬಲ್ಲವರು. ಟೋಪಿ ಎಣಿಸಿದರು, ಜಡೆ ಎಣಿಸಿದರು, "ಮೂವತ್ತು" ಎಂದರು. ನನಗೆ ಅರ್ಧ ಜೀವ ಬಂತು.

"ಮಕ್ಕಳ, ಎಲ್ಲಾರೂ ಕೂಡಿ ಎರಡರ ಮಗ್ಗಿ ಹೇಳ್ರಿ ನೋಡೂಣು."

ಇಪ್ಪತ್ತೊಂಬತ್ತು ಬಾಯಿ ತೆರೆದವು. ಇಪ್ಪತ್ತೊಂಬತ್ತು ಜೋಡಿ ತುಟಿ ಒಟ್ಟಿಗೆ ಆಡಿದವು. ಎರಡೊಂದ್ಲೆ ಎರಡು, ಎರಡೆರಡ್ಲೆ ನಾಕು ಎಂದು ಬೆರಳುಗಳೂ ಏಳುತ್ತಿದ್ದವು. ಒಂದು ಪಿಟ್ಟೆನ್ನುವ ಸಪ್ಪಳವಿಲ್ಲ. ಅಪ್ಪ ಮಲಗಿದ್ದ.

ಸಾಹೇಬರು ಕಿವಿಯ ಮೇಲಿನ ಟೋಪಿ ಸರಿಸಿದರು. "ಇನ್ನೊಮ್ಮೆ ಹೇಳ್ರಿ" ಎಂದರು. ಮಕ್ಕಳು ಎರಡು ಹತ್ತಲೆ ಇಪ್ಪತ್ತರವರೆಗೆ ತಪ್ಪಿಲ್ಲದೆ ಮೂಕವಾಗಿ ಒಪ್ಪಿಸಿದವು. ಸಾಹೇಬರು ಕಿರುಬೆರಳು ಕಿವಿಯಲ್ಲಿ ಹಾಕಿ ಗಡಗಡ ಅಲುಗಾಡಿಸಿದರು. ಆಮೇಲೆ ಹೆಡ್ ಮಾಸ್ತರರ ಕಡೆ ಬಗ್ಗಿ ಸಣ್ಣ ದನಿಯಲ್ಲಿ ಕೇಳಿದರು. "ನಿಮಗ ಕೇಳಸ್ತೈತೇನು?"

ಸಾಹೇಬರೇ ಹಾಗೆ ಕೇಳಿದ ಮೇಲೆ ಇಲ್ಲ ಎನ್ನುವ ಎದೆ ಯಾವ ಹೆಡ್ ಮಾಸ್ತರಿಗಿದೆ? "ಹೋಯ ಸಾಹೇಬ" ಎಂದರು ಬೆವರು ಒರೆಸಿಕೊಳ್ಳುತ್ತ. "ಅಗದೀ ಸ್ಪಷ್ಟ."

ಸಾಹೇಬರ ಮುಖ ಸಪ್ಪಗಾಯಿತು. "ಹಂಗಾದ್ರ ಮನ್ಯಾಗ ಆಕಿ ಹೇಳೂದು ಖರೇನ ಐತಿ" ಎಂದು ಗೊಣಗಿದರು. "ನಿಮ್ಮ ದನಿ ದಪ್ಪ, ಅದಕ್ಕ ಕೇಳಸ್ತೈತಿ. ಸಣ್ಣ ದನಿಗೆ ನನ್ನ ಕಿವಿ ಹೋಗ್ಯಾವ."

ಇನ್ನು ಸುಮ್ಮನಿದ್ದರೆ ಪಾಪ ಹತ್ತುತ್ತದೆ ಎನಿಸಿತು. ಖರೆ ಹೇಳಿಬಿಡೋಣ ಎಂದು ಮುಂದೆ ಬಂದು ಬಾಯಿ ತೆರೆದೆ. ಹೆದರಿಕೆಗೆ ತುಟಿಯಷ್ಟೇ ಆಡಿದವು, ದನಿ ಬರಲಿಲ್ಲ. ಸಾಹೇಬರು ನನ್ನ ತುಟಿ ನೋಡುತ್ತ ಕುರ್ಚಿಯಲ್ಲಿ ಕುಸಿದರು. "ಅಕ್ಕೋರ ದನೀನೂ ಹೋತು" ಎಂದರು.

ಆ ಗಳಿಗೆಗೆ ಸರಿಯಾಗಿ ಹಿಂದಿನ ಸಾಲಿನ ಟೋಪಿ ಜಾರಿ ಕೂಸಿನ ಮುಖ ಪೂರಾ ಮುಚ್ಚಿತು. ಕೂಸು ಮುಗಿಲು ಹರಿಯುವಂತೆ ಕಿರುಚಿತು.

ಕೂಸು ಅತ್ತಿತೆಂದರೆ ಅಪ್ಪ ಎದ್ದ. ಅಪ್ಪ ಎದ್ದ ಮೇಲೆ ಯಾರ ಹೆದರಿಕೆ? ಇಪ್ಪತ್ತೊಂಬತ್ತು ಗಂಟಲು ಒಮ್ಮೆಲೇ ಬಿಚ್ಚಿದವು. "ಎರಡೊಂದ್ಲೆ ಎರಡು, ಎರಡೆರಡ್ಲೆ ನಾಕು." ಹಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹೋದವು. ಸೈಕಲ್ ಅಂಗಡಿಯವ ಎರಡೂ ಕಿವಿ ಮುಚ್ಚಿಕೊಂಡ.

ಸಾಹೇಬರು ಚಂಗನೆ ಎದ್ದರು. "ಕೇಳಸ್ತು, ಕೇಳಸ್ತು" ಎನ್ನುತ್ತ ಹಿಂದಿನ ಸಾಲಿಗೆ ಓಡಿ ಕೂಸನ್ನು ಎತ್ತಿಕೊಂಡು ಎರಡೂ ಕೆನ್ನೆಗೆ ಮುದ್ದು ಕೊಟ್ಟರು. ಇದು ಯಾರ ಕೂಸು, ಮೂವತ್ತರಲ್ಲಿ ಹೇಗೆ ಬಂತು, ಒಂದನ್ನೂ ಕೇಳಲಿಲ್ಲ. ಕೂಸನ್ನು ಎತ್ತಿಕೊಂಡೇ ತಪಾಸಣೆಯ ಅಭಿಪ್ರಾಯ ಬರೆಯುವ ಶೇರೆ ಪುಸ್ತಕದಲ್ಲಿ ಬರೆದರು: "ಮಕ್ಕಳು ಸ್ಪಷ್ಟವಾಗಿ ಉತ್ತರಿಸುತ್ತಾರೆ. ಹಾಜರಿ ಪೂರ್ಣ. ಕನ್ನಡ ವರ್ಗ ಮುಂದುವರಿಯಲಿ." ಅದನ್ನು ಓದುವಾಗ ನನಗೆ ಅಕ್ಷರ ಕಾಣಲಿಲ್ಲ, ಕಣ್ಣು ಅಷ್ಟು ತುಂಬಿದ್ದವು. ನನ್ನ ಕೋಣೆ ಉಳಿಯಿತು, ನಾನು ತಂಬಾಕಿನಿಂದ ಉಳಿದೆ.

ಸಾಹೇಬರನ್ನು ಬಸ್ಸಿಗೆ ಹತ್ತಿಸಿ ಹೆಡ್ ಮಾಸ್ತರರು ವಾಪಸು ಬಂದರು. ಅತ್ತಿತ್ತ ನೋಡಿ, ಬಾಗಿಲು ಮುಂದೆ ಮಾಡಿ, ನನ್ನ ಹತ್ತಿರ ಬಂದು ಮೊದಲ ಸಲ ಸಿಟ್ಟಿಲ್ಲದೆ ಕೇಳಿದರು.

"ಬಾಯಿ, ಖರೇ ಹೇಳ್ರಿ. ಮೊದಲ ಸಲ ಪೋರ ಮಗ್ಗಿ ಹೇಳಿದಾಗ ನಿಮಗ ಕೇಳಿಸ್ತೇನು?"

ನಾನು ಅವರ ಮುಖ ನೋಡುತ್ತ ತುಟಿ ಆಡಿಸಿದೆ. ಸಪ್ಪಳ ಮಾತ್ರ ಬಿಡಲಿಲ್ಲ.

ಹೆಡ್ ಮಾಸ್ತರರ ಕಿರುಬೆರಳು ಮೆಲ್ಲಗೆ ಕಿವಿಯ ಕಡೆ ಹೋಯಿತು.