ಮೂರು ಕ್ರೆಡಿಟ್ಟಿನ ಹುಲಿ

ಇನ್ನೊಬ್ಬರಿಗೆ ಸಲಹೆ ಕೊಡುವಷ್ಟು ಸುಖದ ಕೆಲಸ ಬೇರೊಂದಿಲ್ಲ. ಕೊಡುವಾಗ ಕೈಯಿಂದ ಏನೂ ಕಳೆಯುವುದಿಲ್ಲ, ಕೊಟ್ಟ ಮೇಲೆ ಆಗುವುದೆಲ್ಲ ತೆಗೆದುಕೊಂಡವರ ಪಾಲಿಗೆ. ನಾನು ಮೊದಲಿನಿಂದಲೂ ಈ ಸುಖದ ದಾಸ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವನು ನಾನು. ಪಕ್ಕದಲ್ಲಿ ಕೂತವರಿಗೆ ಮೊಣಕಾಲು ನೋವಿನಿಂದ ಹಿಡಿದು ಸೈಟಿನ ಖಾತೆ ಬದಲಾವಣೆಯವರೆಗೆ ಕೇಳಿದ್ದಕ್ಕೂ ಕೇಳದ್ದಕ್ಕೂ ಸಲಹೆ ಕೊಟ್ಟಿದ್ದೇನೆ. ಅವರೆಲ್ಲ ಮುಂದೆ ಏನಾದರೋ ಗೊತ್ತಿಲ್ಲ. ಒಂದಿಬ್ಬರು ಈಗ ನನ್ನನ್ನು ಕಂಡರೆ ಎದ್ದು ಹಿಂದಿನ ಸೀಟಿಗೆ ಹೋಗುತ್ತಾರೆ. ಗಾಳಿ ಬೇಕೇನೋ ಎಂದುಕೊಂಡು ಸುಮ್ಮನಾಗುತ್ತೇನೆ. ಇಂಥ ನನ್ನನ್ನು ನಮ್ಮ ಪ್ರಿನ್ಸಿಪಾಲರು ಕರೆದು ಕಾಲೇಜಿನ ವಿದ್ಯಾರ್ಥಿ ಸಲಹಾ ಸಮಿತಿಗೆ ಸಂಚಾಲಕನನ್ನಾಗಿ ಮಾಡಿದರು. ಆ ದಿನ ನಾನು ಮನೆಗೆ ಮೈಸೂರುಪಾಕು ತಂದಿದ್ದೆ.

ಸಮಿತಿಯ ಕೆಲಸ ಹೇಳುವುದಕ್ಕೆ ಸುಲಭ. ಹೊಸದಾಗಿ ಡಿಗ್ರಿಗೆ ಸೇರುವ ಮಕ್ಕಳಿಗೆ ಯಾವ ಕಾಂಬಿನೇಷನ್ ತೆಗೆದುಕೊಳ್ಳಬೇಕು, ಯಾವ ಭಾಷೆ ಓದಬೇಕು, ಪದವಿ ಕೈಗೆ ಬರಬೇಕಾದರೆ ಒಟ್ಟು ಎಷ್ಟು ಕ್ರೆಡಿಟ್ ಆಗಬೇಕು ಎಂದು ತಿಳಿಸುವುದು. ಕಷ್ಟವೇನೆಂದರೆ ಅದು ನಮಗೇ ಸರಿಯಾಗಿ ತಿಳಿಯದು. ಒಂದು ಸುತ್ತೋಲೆ ಓದಿ ಮುಗಿಸುವಷ್ಟರಲ್ಲಿ ಅದನ್ನು ರದ್ದು ಮಾಡಿದ ಇನ್ನೊಂದು ಸುತ್ತೋಲೆ ಬಂದಿರುತ್ತದೆ. ನಾಲ್ಕು ವರ್ಷದ ಡಿಗ್ರಿ ಎಂದು ಒಂದು ತಂಡಕ್ಕೆ ಹೇಳಿ ಗಂಟಲು ಒಣಗಿಸಿಕೊಂಡೆವು, ಮತ್ತೆ ಮೂರೇ ವರ್ಷ ಎಂದು ಮುಂದಿನ ತಂಡಕ್ಕೆ ಹೇಳಿದೆವು. ಮಕ್ಕಳು ಎರಡಕ್ಕೂ ಒಂದೇ ಥರ ತಲೆಯಾಡಿಸಿದರು. ಹೀಗಾಗಿ ನಾನು ಸುತ್ತೋಲೆ ಓದುವುದನ್ನೇ ಬಿಟ್ಟು ಧೈರ್ಯದಿಂದ ಸಲಹೆ ಕೊಡುವ ಅಭ್ಯಾಸ ಮಾಡಿಕೊಂಡೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ನಾನು ಇತಿಹಾಸದ ಮೇಷ್ಟ್ರು. ಮುಖ್ಯ ವಿಷಯಗಳ ಜೊತೆಗೆ ಪ್ರತಿ ವಿದ್ಯಾರ್ಥಿಯೂ ಓಪನ್ ಎಲೆಕ್ಟಿವ್ ಎಂಬ ಐಚ್ಛಿಕ ಪತ್ರಿಕೆಯೊಂದನ್ನು ಆರಿಸಿಕೊಳ್ಳಬೇಕು. ಅದಕ್ಕೆ ಮೂರು ಕ್ರೆಡಿಟ್. ನಮ್ಮ ಕಾಲೇಜಿನ ಕಟ್ಟಳೆ ಪ್ರಕಾರ ಇಪ್ಪತ್ತು ಮಕ್ಕಳು ಸೇರದಿದ್ದರೆ ಆ ಪತ್ರಿಕೆ ನಡೆಯುವುದಿಲ್ಲ. ಪತ್ರಿಕೆ ನಡೆಯದಿದ್ದರೆ ಮೇಷ್ಟ್ರಿಗೆ ಪಾಠದ ಗಂಟೆ ಸಾಲುವುದಿಲ್ಲ. ಗಂಟೆ ಸಾಲದ ಮೇಷ್ಟ್ರನ್ನು ವಾರದಲ್ಲಿ ಮೂರು ದಿನ ಎಲ್ಲಿಗಾದರೂ ನಿಯೋಜನೆ ಮೇಲೆ ಅಟ್ಟುತ್ತಾರೆ. ಅದಕ್ಕೇ ಆಯ್ಕೆಯ ವಾರ ಬಂತೆಂದರೆ ನಮ್ಮ ಕಾಲೇಜಿನ ವರಾಂಡ ಬಸ್ ಸ್ಟ್ಯಾಂಡಾಗುತ್ತದೆ. ಒಂದು ಕಡೆ ಸಂಸ್ಕೃತದವರು ಅಂಕ ಸುರಿಯುತ್ತದೆ ಎಂದು ಕೂಗಿದರೆ, ಇನ್ನೊಂದು ಕಡೆ ಕಾಮರ್ಸಿನವರು ಕೆಲಸ ಕಾದಿದೆ ಎಂದು ಕೂಗುತ್ತಾರೆ. ನಮ್ಮಲ್ಲಿ ವರಾಂಡದಲ್ಲಿ ಕೂಗದೆ ಕುರ್ಚಿಯಲ್ಲಿ ಕೂತು ಕೂಗುವ ಅನುಕೂಲ ಇದ್ದದ್ದು ನನಗೊಬ್ಬನಿಗೇ. ಸಲಹೆ ಕೇಳಲು ಬಂದವರಿಗೆಲ್ಲ ನಾನು ಕೊಡುತ್ತಿದ್ದ ಸಲಹೆ ಒಂದೇ: ನನ್ನದೇ ಆದ 'ಪ್ರವಾಸೋದ್ಯಮ ಪರಿಚಯ'.

"ರೀ, ಮದುವೆ ಮನೇಲಿ ಬಡಿಸೋಕೆ ನಿಲ್ಲಿಸಿದ್ರೆ ನೀವು ಮೊದಲು ನಿಮ್ಮ ಎಲೆಗೇ ಬಡಿಸ್ಕೋತೀರಿ," ಎಂದು ಮೊದಲ ದಿನವೇ ಅಂದಿದ್ದಳು ನನ್ನ ಹೆಂಡತಿ. ಆ ಮೈಸೂರುಪಾಕು ತಿನ್ನುತ್ತಲೇ ಅಂದಿದ್ದಳು.

ಸೆಲ್ವಿ ಬಂದದ್ದು ಅಂಥ ಒಂದು ಆಯ್ಕೆಯ ವಾರದಲ್ಲಿ. ನಮ್ಮೂರು ಭದ್ರಾವತಿಯ ಹುಡುಗಿ, ಕಾರ್ಖಾನೆ ಕಡೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು, ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಮೊದಲ ವರ್ಷದ ಬಿ.ಎ.ಗೆ ಸೇರಿದ್ದಳು. ನನ್ನ ಪಟ್ಟಿ ಹತ್ತೊಂಬತ್ತಕ್ಕೆ ಬಂದು ನಿಂತಿತ್ತು. ಕೊನೆಯ ದಿನ, ಮಧ್ಯಾಹ್ನ ಮೂರೂವರೆ ಗಂಟೆ.

"ಸರ್, ನನ್ನ ಮೇಜರೇ ಹಿಸ್ಟರಿ. ಎಲೆಕ್ಟಿವೂ ಹಿಸ್ಟರಿ ಡಿಪಾರ್ಟ್‌ಮೆಂಟಿಂದೇ ತಗೋಬಹುದಾ?" ಎಂದು ಕೇಳಿದಳು.

"ಧಾರಾಳವಾಗಿ ತಗೋಬಹುದಮ್ಮ," ಎಂದೆ. "ಗಾಜನೂರು ಡ್ಯಾಮಿಗೆ ಕರ್ಕೊಂಡು ಹೋಗ್ತೀನಿ. ತ್ಯಾವರೆಕೊಪ್ಪದಲ್ಲಿ ಹುಲಿ ತೋರಿಸ್ತೀನಿ. ಬೇರೆ ಯಾವ ಪೇಪರಲ್ಲಿ ಹುಲಿ ಇದೆ ಹೇಳು?"

ಹುಲಿಗೆ ಅವಳು ಸೋತಳು. ಪಟ್ಟಿ ಇಪ್ಪತ್ತಾಯಿತು. ವಿಶ್ವವಿದ್ಯಾಲಯದ ಪೋರ್ಟಲ್ ಕೂಡ ಅವಳ ಹೆಸರನ್ನು ತಕರಾರಿಲ್ಲದೆ ನುಂಗಿಕೊಂಡಿತು. ಮಾತು ಕೊಟ್ಟಂತೆ ನಾವು ತ್ಯಾವರೆಕೊಪ್ಪಕ್ಕೆ ಹೋದೆವು. ಹುಲಿ ನಮಗೆ ಬೆನ್ನು ತೋರಿಸಿ ಮಲಗಿತ್ತು. ನಾನು ಅದರ ಬೆನ್ನಿನ ಬಗ್ಗೆಯೇ ಇಪ್ಪತ್ತು ನಿಮಿಷ ಮಾತಾಡಿದೆ. ಸೆಲ್ವಿ ಒಬ್ಬಳೇ ಅದನ್ನೂ ಬರೆದುಕೊಂಡಳು. ಆ ಪತ್ರಿಕೆಯಲ್ಲಿ ಅವಳೇ ಮೊದಲಿಗಳು.

ಎರಡೂವರೆ ವರ್ಷ ಕಳೆದು, ಐದನೇ ಸೆಮಿಸ್ಟರ್ ಮುಗಿದಾಗ ಅವಳು ಅಂಕಪಟ್ಟಿಗಳ ಕಟ್ಟು ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಡಿಗ್ರಿ ಮುಗಿದ ಕೂಡಲೇ ಬಿ.ಎಡ್. ಸೇರಿ ಮೇಷ್ಟ್ರಾಗಬೇಕೆಂಬುದು ಅವಳ ಆಸೆ. ಅದಕ್ಕಾಗಿ ಕ್ರೆಡಿಟ್ ಲೆಕ್ಕ ಹಾಕಿದಳಂತೆ. ಆರನೇ ಸೆಮಿಸ್ಟರ್ ಪೂರ್ತಿ ಪಾಸಾದರೂ ಮೂರು ಕಡಿಮೆ. ವಿಶ್ವವಿದ್ಯಾಲಯದಲ್ಲಿ ವಿಚಾರಿಸಿದರೆ, ಓಪನ್ ಎಲೆಕ್ಟಿವ್ ತನ್ನ ಮೇಜರಿನ ವಿಭಾಗದ್ದಾಗಿರಬಾರದು, ಆದ್ದರಿಂದ ಪ್ರವಾಸೋದ್ಯಮವನ್ನು ಪರಿಗಣಿಸಲಾಗದು ಎಂದು ಉತ್ತರ ಬಂದಿತ್ತು. ಆ ನಿಯಮ ಸುತ್ತೋಲೆಯ ಎರಡನೇ ಪುಟದಲ್ಲೇ ಇತ್ತು. ನಾನು ಮೊದಲ ಪುಟವನ್ನೂ ಓದಿರಲಿಲ್ಲ.

ಅವಳು ಬೈದಿದ್ದರೆ ಚೆನ್ನಾಗಿತ್ತು. "ನೀವು ಹೇಳಿದ್ರಿ ಅಂತ ನಾನು ಬೇರೆ ಯಾರನ್ನೂ ಕೇಳ್ಲಿಲ್ಲ ಸರ್. ಒಂದು ವರ್ಷ ಹೋದ್ರೆ ಅಪ್ಪ ಮುಂದಕ್ಕೆ ಓದಿಸೋದು ಡೌಟು," ಎಂದಳು, ಅಷ್ಟೆ. ನನಗೆ ನಾಚಿಕೆಯಾಯಿತು. ನಿಜವಾಗಿಯೂ ಆಯಿತು. ಈ ಪ್ರಬಂಧದಲ್ಲಿ ತಮಾಷೆ ಮಾಡದೆ ಹೇಳಬೇಕಾದ ವಾಕ್ಯ ಅದೊಂದೇ.

ಪ್ರಿನ್ಸಿಪಾಲರು ನಿಯಮಗಳನ್ನೆಲ್ಲ ಅಗೆದು ಒಂದು ದಾರಿ ಹುಡುಕಿದರು. ಈ ಸೆಮಿಸ್ಟರಿನಲ್ಲೇ ಅವಳು ಕಿರಿಯರ ಜೊತೆ ಕೂತು ಬೇರೆ ವಿಭಾಗದ ಎಲೆಕ್ಟಿವ್ ಒಂದನ್ನು ಪಾಸು ಮಾಡಬಹುದು. ಅವಳ ವೇಳಾಪಟ್ಟಿಗೆ ಹೊಂದುತ್ತಿದ್ದದ್ದು ಒಂದೇ, ಶನಿವಾರ ನಡೆಯುವ ಸಸ್ಯಶಾಸ್ತ್ರದ ಜಲಜಾ ಮೇಡಂ ಅವರ 'ಕೈತೋಟಗಾರಿಕೆ'. ಆದರೆ ಅದಕ್ಕೆ ಸೇರಿದ್ದವರು ಒಂಬತ್ತು ಜನ. ಜಲಜಾ ಮೇಡಂ ನನ್ನನ್ನು ನೋಡಿ, "ನನ್ನ ಮಕ್ಕಳೆಲ್ಲ ಹುಲಿ ನೋಡೋಕೆ ಹೋದ್ರಲ್ಲ ಮಾರಾಯ್ರೆ, ನಾನೇನು ಮಾಡ್ಲಿ?" ಎಂದರು. ಈ ಸಲ ನನ್ನ ಪಟ್ಟಿಯಲ್ಲಿ ಮೂವತ್ತನಾಲ್ಕು ಹೆಸರಿದ್ದವು. ಆಯ್ಕೆ ಬದಲಿಸಲು ಇನ್ನೂ ನಾಲ್ಕು ದಿನ ಉಳಿದಿತ್ತು.

ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಪ್ರಾಮಾಣಿಕವಾದ ಸಲಹೆ ಕೊಡಲು ಹೊರಟೆ. ತರಗತಿಗೆ ಹೋಗಿ, ಕೈತೋಟಗಾರಿಕೆ ಬಹಳ ಒಳ್ಳೆಯ ಪತ್ರಿಕೆ, ಕಸಿ ಕಟ್ಟುವುದು ಕಲಿತರೆ ಬದುಕಿಗೆ ಆಗುತ್ತದೆ, ನನ್ನದನ್ನು ಬಿಟ್ಟು ಅದಕ್ಕೆ ಸೇರಿ ಎಂದೆ. ಎಲ್ಲ ನಿಜವೇ. ಮಕ್ಕಳು ಮುಖ ಮುಖ ನೋಡಿಕೊಂಡರು. ಮಾರನೆಯ ದಿನ ಪಟ್ಟಿ ನೋಡಿದರೆ ಜಲಜಾ ಮೇಡಂ ಅವರ ಒಂಬತ್ತು ಏಳಾಗಿತ್ತು! ಕ್ಯಾಂಟೀನಿನಲ್ಲಿ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ಇವ್ರು ಬೇರೆಯವ್ರ ಪೇಪರ್ ತಗೊಳ್ಳಿ ಅಂತಿದಾರೆ ಅಂದ್ರೆ ಅದ್ರಲ್ಲಿ ಏನೋ ಇದೆ ಕಣೋ ಮಾರಾಯ. ಫೇಲ್ ಗ್ಯಾರಂಟಿ."

ಮುಂದಿನ ದಿನ ಇನ್ನೂ ಪ್ರಾಮಾಣಿಕನಾದೆ. ಏಳು ಆರಾಯಿತು. ಸೆಲ್ವಿ ನೋಟಿಸ್ ಬೋರ್ಡಿನ ಮುಂದೆ ನಿಂತು ಆ ಆರನ್ನೇ ನೋಡುತ್ತಿದ್ದಳು. ನನಗೆ ರಾತ್ರಿ ಊಟ ಸೇರಲಿಲ್ಲ. ಹೆಂಡತಿ ಎಲ್ಲ ಕೇಳಿ, "ನಿಮ್ಮ ಮಾತನ್ನ ಯಾರೂ ನಂಬಲ್ಲ ಅಂತ ಗೊತ್ತಾಯ್ತಲ್ಲ. ಅದನ್ನೇ ಉಪಯೋಗಿಸ್ಕೊಳ್ರೀ," ಎಂದಳು. ಆ ಸಮಿತಿಗೆ ಅವಳನ್ನೇ ಸಂಚಾಲಕಿ ಮಾಡಬೇಕಿತ್ತು.

ಮರುದಿನ ತರಗತಿಯಲ್ಲಿ ನಾನು ಮೇಜು ಕುಟ್ಟಿ ಹೇಳಿದೆ. "ನೋಡ್ರಪ್ಪಾ, ಆ ಕೈತೋಟದ ಪೇಪರಿಗೆ ಯಾರೂ ಹೋಗ್ಬೇಡಿ. ನನ್ನದ್ರಲ್ಲೇ ಉಳ್ಕೊಳ್ಳಿ. ಆ ಮೇಡಂ ಇಂಟರ್ನಲ್ ಮಾರ್ಕ್ಸ್ ಧಾರಾಳವಾಗಿ ಕೊಡ್ತಾರೆ ಅಂತ ಯಾರೋ ಹೇಳ್ತಾರೆ, ಅದೆಲ್ಲ ನಂಬ್ಬೇಡಿ. ಹೊಳಲೂರು ಕಡೆ ತೋಟಕ್ಕೆ ಕರ್ಕೊಂಡು ಹೋಗಿ ಮಧ್ಯಾಹ್ನ ಊಟ ಹಾಕಿಸ್ತಾರಂತೆ, ಅದನ್ನೂ ನಂಬ್ಬೇಡಿ."

ಮಧ್ಯಾಹ್ನ ಮೂರು ಗಂಟೆಗೆ ಕೈತೋಟಗಾರಿಕೆಯಲ್ಲಿ ಮೂವತ್ತಾರು ಜನ. ನನ್ನ ಸಲಹೆ ಇಷ್ಟು ಬೇಗ ಫಲ ಕೊಟ್ಟದ್ದು ಅದೇ ಮೊದಲು. ಸೆಲ್ವಿಯ ಹೆಸರು ಮೂವತ್ತೇಳನೆಯದು. ನಾನು ವರಾಂಡದಲ್ಲೇ ಕುಣಿಯುವುದೊಂದು ಬಾಕಿ. ಆಮೇಲೆ ನನ್ನ ಪಟ್ಟಿ ನೋಡಿದೆ. ನಾಲ್ಕು. ಹದಿನಾಲ್ಕು ಹೋಗಲಿ ಎಂದು ಲೆಕ್ಕ ಹಾಕಿದ್ದರೂ ಇಪ್ಪತ್ತು ಉಳಿಯಬೇಕಿತ್ತು. ಉಳಿಯಿರಿ ಎಂದು ಬಾಯಿಬಿಟ್ಟು ಕೇಳಿದ್ದೆನಲ್ಲ, ಅದಕ್ಕೇ ಹೋದರು. ಆ ನಾಲ್ಕು ಮಂದಿ ಅಂದು ಗೈರುಹಾಜರಾಗಿದ್ದವರು.

ಪ್ರಿನ್ಸಿಪಾಲರು ಒಳ್ಳೆಯವರು, ನನ್ನನ್ನು ದೂರಕ್ಕೆ ಅಟ್ಟಲಿಲ್ಲ. "ಜಲಜಾ ಮೇಡಂಗೆ ಮೂವತ್ತೇಳು ಜನ ಒಂದೇ ಬ್ಯಾಚಲ್ಲಿ ಕಷ್ಟ ಅಂತೆ. ನಿಮಗೆ ಗಂಟೆ ಕಡಿಮೆ ಇದೆಯಲ್ಲ, ಅವರಿಗೆ ಸ್ವಲ್ಪ ಸಹಾಯ ಮಾಡಿ," ಎಂದರು. ಹೀಗೆ ನಾನು ಶನಿವಾರಗಳಲ್ಲಿ ಕಾಲೇಜಿನ ಹಿಂದಿನ ಅಂಗಳದಲ್ಲಿ ಪ್ಯಾಂಟು ಮಡಚಿ ಕುಂಡಗಳಿಗೆ ಮಣ್ಣು ತುಂಬಿದೆ. ಮೊದಲ ವಾರ ನಾನು ಕಟ್ಟಿದ ದಾಸವಾಳದ ಕಸಿ ಒಣಗಿತು. ಎರಡನೆಯ ವಾರದ್ದೂ ಒಣಗಿತು. ಮೂರನೆಯ ವಾರದಿಂದ ಸೆಲ್ವಿ ನನ್ನ ಪಕ್ಕ ಕೂತು, ಎಲ್ಲಿ ಸೀಳಬೇಕು, ಎಷ್ಟು ಬಿಗಿಯಾಗಿ ಸುತ್ತಬೇಕು ಎಂದು ಒಂದನೇ ಕ್ಲಾಸಿನ ಮಗುವಿಗೆ ಹೇಳುವ ಹಾಗೆ ಹೇಳಿಕೊಟ್ಟಳು. ಅವಳು ಒಳ್ಳೆಯ ಮೇಷ್ಟ್ರಾಗುತ್ತಾಳೆ.

ಕೊನೆಯ ಶನಿವಾರ ಅವಳ ಇಂಟರ್ನಲ್ ಅಂಕ ನೋಟಿಸ್ ಬೋರ್ಡಿಗೆ ಬಿದ್ದಿತ್ತು, ಪೂರ್ತಿಗೆ ಪೂರ್ತಿ. ಮೂರು ಕ್ರೆಡಿಟ್ಟು ಬಂದ ಹಾಗೇ. ಅದೇ ದಿನ ನನ್ನ ಒಂದು ಕಸಿ ಚಿಗುರಿತು. ನಾನು ಅದನ್ನು ಎಲ್ಲರಿಗೂ ತೋರಿಸಿ ತೋರಿಸಿ ಕೊನೆಗೆ ಅವಳ ಹತ್ತಿರ ತಂದೆ.

"ನೀವು ಚೆನ್ನಾಗಿ ಕಲೀತೀರಿ ಸರ್," ಎಂದಳು. "ಈ ಲೈನ್ ಮೊದಲೇ ತಗೋಬೇಕಿತ್ತು ನೀವು."

ಉಬ್ಬಿಹೋದ ನಾನು ಹಿಂದೆಮುಂದೆ ನೋಡದೆ, "ಏನು ಮಾಡೋದಮ್ಮ, ಮೊದಲ ವರ್ಷದಲ್ಲಿ ಸರಿಯಾಗಿ ಹೇಳೋರು ಯಾರೂ ಇರ್ಲಿಲ್ಲ," ಎಂದುಬಿಟ್ಟೆ.

ಸೆಲ್ವಿ ಕೈಯ ಮಣ್ಣು ಕೊಡವಿಕೊಂಡು, ಬಹಳ ವಿನಯದಿಂದ, "ನನಗೂ ಸರ್," ಎಂದಳು.