ಆದಾಮನಿಗೊಂದು ಪಕ್ಕೆಲುಬು ಕಮ್ಮಿ

ಬಾಯಲ್ಲಿದ್ದ ಹಂದಿ ಪಕ್ಕೆಲುಬನ್ನು ಚೀಪಿ ಮುಗಿಸುವವರೆಗೆ ವೆಂಡೆಲ್ ಸುಮ್ಮನಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಟೆನೆಸ್ಸಿಯ ಗುಡ್ಡಗಳ ನಡುವಿನ ಆ ಊರಿನ ಚರ್ಚಿನಲ್ಲಿ ಬುಧವಾರದ ಮಧ್ಯಾಹ್ನದೂಟ ನಡೆದಿತ್ತು. ಪ್ರತಿ ಬೇಸಿಗೆ ಆದಾಮ-ಹವ್ವರ ನಾಟಕ ಆಡಿಸುವ ಮಿಸ್ ಒಡೆಸಾ ತಟ್ಟೆಯಿಂದ ಒಂದು ಎಲುಬೆತ್ತಿ, "ಆದಾಮನದೊಂದು ತೆಗೆದು ದೇವರು ಹವ್ವಳನ್ನ ಮಾಡಿದ. ಅದಕ್ಕೇ ಇವತ್ತಿಗೂ ಗಂಡಸರಿಗೆ ಎಡಗಡೆ ಒಂದು ಪಕ್ಕೆಲುಬು ಕಮ್ಮಿ" ಅಂದರು.

"ಕಮ್ಮಿ ಇಲ್ಲ. ಎಲ್ಲರಿಗೂ ಹನ್ನೆರಡು ಜೊತೆ," ಎಂದುಬಿಟ್ಟ ವೆಂಡೆಲ್. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವವನ ನಾಲಿಗೆ ಅದು, ತಡೆಯಲಿಲ್ಲ.

"ನಿಮ್ಮದನ್ನ ನೀವು ಎಣಿಸಿದ್ದೀರಾ ಮೇಷ್ಟ್ರೇ?"

"ಸಾಯಂಕಾಲದ ಊಟಕ್ಕೆ ಎಕ್ಸ್‌ರೇನೇ ತರ್ತೀನಿ!"

"ತನ್ನಿ. ಹನ್ನೆರಡಿಲ್ಲ ಅಂದ್ರೆ ಈ ಸಲ ಆದಾಮ ನೀವೇ."

ಎಲ್ಲರೂ ಹೋ ಎಂದರು. ಹೋದ ವರ್ಷದ ಆದಾಮ ಪರ್ವಿಸ್ ಮಾತ್ರ ನಗಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಎಲೆ ತುರಿಕೆಬಳ್ಳಿಯದು ಅಂತ ತಿಳಿಯುವಷ್ಟರಲ್ಲಿ ನಾಟಕ ಅರ್ಧ ಮುಗಿದಿತ್ತು. ಅವನು ಈಗಲೂ ಕೂರುವ ಮುಂಚೆ ಒಂದು ಕ್ಷಣ ಯೋಚಿಸುತ್ತಾನೆ. ವೆಂಡೆಲ್‌ಗೆ ಎಲೆ ಸುತ್ತಿಕೊಂಡ ತಾನೂ, ಮೊದಲ ಸಾಲಿನಲ್ಲಿ ಕೂತ ತನ್ನ ವಿದ್ಯಾರ್ಥಿಗಳೂ ಕಣ್ಣಿಗೆ ಕಟ್ಟಿದರು.

ಅವನ ಹೆಂಡತಿ ಲೊರೀನಾ ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. "ಬಾಯಿ ಮುಚ್ಕೊಂಡಿರೋಕೆ ನಿನಗೇನು ಧಾಡಿ?" ಎಂದು ಬೈಯುತ್ತಲೇ ತೆಗೆದು, ಫಿಲ್ಮು ಕೈಗಿಟ್ಟು ಮುಂದಿನ ರೋಗಿಯತ್ತ ಓಡಿದಳು.

ವೆಂಡೆಲ್ ದೀಪದ ಪೆಟ್ಟಿಗೆಗೆ ಅದನ್ನು ಸಿಕ್ಕಿಸಿ ಎಡಗಡೆ ಎಣಿಸಿದ. ಹನ್ನೊಂದು. ಬೆವರೊರೆಸಿಕೊಂಡು ಕೆಳಗಿನಿಂದ ಎಣಿಸಿದ. ಹನ್ನೊಂದೇ. ಬಲಗಡೆ ಎಣಿಸುವ ಧೈರ್ಯ ಉಳಿಯಲಿಲ್ಲ. ಸೊಂಟದ ಸುತ್ತ ಆಗಲೇ ತುರಿಕೆ ಶುರುವಾಗಿತ್ತು.

ಅಲ್ಲೇ ಬೀರುವಿನಲ್ಲಿ ಲೊರೀನಾ ಚಳಿಗಾಲದ ಕೆಮ್ಮಿಗೆ ತೆಗೆಸಿಕೊಂಡಿದ್ದ ಫಿಲ್ಮು ಸಿಕ್ಕಿತು. ಬಾಚಣಿಗೆಯ ಹಲ್ಲಿನಂತೆ ಎರಡೂ ಕಡೆ ಹನ್ನೆರಡು. ಮೂಳೆಗೇನು ಮೀಸೆ ಇರುತ್ತದೆಯೇ? ತನ್ನದನ್ನು ಕೋಟಿನೊಳಗೆ ತುರುಕಿ, ಅವಳದನ್ನು ಬಗಲಲ್ಲಿಟ್ಟುಕೊಂಡು ನಡೆದ.

ಸಂಜೆ ಚರ್ಚಿನ ಕಿಟಕಿಯ ಬೆಳಕಿಗೆ ಹಿಡಿದು, ಸೌಟಿನ ಹಿಡಿಯಿಂದ ಒಂದೊಂದೇ ತೋರಿಸಿದ. "...ಹನ್ನೊಂದು, ಹನ್ನೆರಡು!"

ಪರ್ವಿಸ್ ತನ್ನ ಪಕ್ಕೆ ಮುಟ್ಟಿ ನೋಡಿಕೊಂಡ. ಮಿಸ್ ಒಡೆಸಾ ಕನ್ನಡಕ ಏರಿಸಿ ಹತ್ತಿರ ಬಂದರು.

"ಎಲ್ಲ ಸರಿ ಮೇಷ್ಟ್ರೇ. ಬೆನ್ನುಮೂಳೆ ಮೇಲೆ ಈ ಮೂರು ಪುಟ್ಟ ಕೊಕ್ಕೆ ಯಾರು ಹೊಲಿದಿದ್ದು?"

ಹೆಂಗಸರ ಬೆಂಚಿನಿಂದ ಮೊದಲ ನಗು ಸಿಡಿಯಿತು.

"ಒಂದೋ ಇದು ಲೊರೀನಾದು. ಇಲ್ಲ, ಅಂಗಿಯೊಳಗೆ ನೀವೂ ಹೆಂಗಸರ ಒಳಕುಪ್ಪಸ ಹಾಕ್ಕೋತೀರಿ. ಯಾವುದು, ಹೇಳಿಬಿಡಿ."

ವೆಂಡೆಲ್‌ನ ಕಿವಿ ಕಾದ ಹೆಂಚಾದವು. "ಲೊ... ಲೊರೀನಾದು."

"ಹೆಂಗಸಿಗೆ ಹನ್ನೆರಡು, ನಾನೇನು ಇಲ್ಲ ಅಂದೆನಾ? ನಿಮ್ಮದೆಲ್ಲಿ?"

ಅವನು ಕೋಟನ್ನು ಬಿಗಿಯಾಗಿ ಅವುಚಿಕೊಂಡ. ಅಷ್ಟೇ ಸಾಕಾಯಿತು.

"ಪರ್ವಿಸ್, ಮೇಷ್ಟ್ರ ಸೊಂಟದ ಅಳತೆ ತಗೋ!"

ವೆಂಡೆಲ್ ಮನೆಗೆ ಬಂದು, ಅಡುಗೆಮನೆಯ ದೀಪಕ್ಕೆ ತನ್ನ ಫಿಲ್ಮನ್ನು ಹಿಡಿದ. ಕೊರಳೆಲುಬಿನ ಹಿಂದೆ, ಮಂಚದಡಿಯ ಬೆಕ್ಕಿನಂತೆ, ಸಣ್ಣದೊಂದು ಬಾಗಿದ ಮೂಳೆ ಅಡಗಿ ಕೂತಿತ್ತು. 'ಮೊದಲನೇ ಪಕ್ಕೆಲುಬು ಕಳ್ಳ, ಎಣಿಸೋವಾಗ ಬಿಟ್ಟೀರಿ' ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುವವನು ತಾನೇ!

"ಲೊರೀನಾ, ನನಗೂ ಹನ್ನೆರಡಿದೆ! ಈಗಲೇ ಹೋಗಿ ತೋರಿಸ್ತೀನಿ!"

"ಹೋಗು ಹೋಗು," ಅಂದಳು ಅವಳು, ಮುಖ ತಿರುಗಿಸದೆ. "ಇದೂ ನನ್ನದೇ, ಕೊಕ್ಕೆ ಬಿಚ್ಚಿಟ್ಟು ತೆಗೆಸಿದ್ದು ಅಂತಾರೆ."

ಬಾಗಿಲು ಬಡಿದ ಸದ್ದಾಯಿತು. ಒಂದು ಬುಟ್ಟಿ ಹಸಿರೆಲೆ ಹಿಡಿದು ಪರ್ವಿಸ್ ನಗುನಗುತ್ತಾ ನಿಂತಿದ್ದ, ಎರಡೂ ಕೈಗೆ ದಪ್ಪನೆಯ ಗವಸು ಹಾಕಿಕೊಂಡು.