ಸೀಟಿ ಹೊಡೆಯದ ಗಡಿಗೆ

ದಣಿದು ಮನೆಗೆ ಬಂದ ದಿನವೇ ನಮ್ಮ ಅಡುಗೆಮನೆಯಲ್ಲಿ ಏನಾದರೂ ಒಂದು ಆಗಿರುತ್ತಿತ್ತು. ದಣಿಯದ ದಿನ ಅಂತ ಒಂದೂ ಇರಲಿಲ್ಲವಾದ್ದರಿಂದ, ಏನೂ ಆಗದ ದಿನವೂ ಇರಲಿಲ್ಲ.

ನಾನು ನಿಪ್ಪಾಣಿಯ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಮನೆ ಬೋರಗಾಂವದಲ್ಲಿ. ಮುಂಜಾನೆ ಬಸ್ಸಿನಲ್ಲಿ ನಿಂತು ಹೋಗುವುದು, ದಿನವೆಲ್ಲ ವಾರ್ಡಿನಲ್ಲಿ ನಿಲ್ಲುವುದು, ಸಂಜೆ ಮತ್ತೆ ನಿಂತೇ ಬರುವುದು. ಕೂಡುವ ಭಾಗ್ಯ ಅಂತ ಸಿಗುತ್ತಿದ್ದರೆ ಅದು ಕಾಯಿಪಲ್ಲೆ ಹೆಚ್ಚಲು ಈಳಿಗೆಮಣೆಯ ಮೇಲೆ ಮಾತ್ರ.

ನನ್ನ ಕಾಲಿನ ಬಾವು ನೋಡಿ ಪುಣೆಯಲ್ಲಿದ್ದ ತಮ್ಮ ಒಂದು ಕರೆಂಟಿನ ಗಡಿಗೆ ತಂದುಕೊಟ್ಟ. ಸ್ಲೋ ಕುಕ್ಕರ್ ಅಂತ ಅದರ ಹೆಸರು. ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಮುಂಜಾನೆ ಮನೆಯಲ್ಲಿ ಏನಿದೆಯೋ ಅದನ್ನು ಹಾಕಿ ಸ್ವಿಚ್ ಒತ್ತಿ ಹೋದರೆ, ಸಂಜೆ ಬರುವಷ್ಟರಲ್ಲಿ ಸಣ್ಣಗೆ ಕುದ್ದು ತಯಾರಾಗಿರುತ್ತದೆ ಎಂದ. ಅತ್ತೆ ಎಲ್ಲ ಕೇಳಿಸಿಕೊಂಡು ಅವನಿಗೆ ಒಂದೇ ಮಾತು ಕೇಳಿದರು.

"ಎಲ್ಲಾ ಇದ ಮಾಡಿದ್ರ, ಇಕಿ ಏನ್ ಮಾಡ್ತಾಳಪಾ?"

ಕಾವಲು

ಮೊದಲ ದಿನ ಮನೆಯಲ್ಲಿದ್ದದ್ದು ನೆನೆಹಾಕಿದ ಮಡಕಿಕಾಳು, ಒಂದೆರಡು ಬದನೆಕಾಯಿ, ಡಬ್ಬಿಯ ತಳದಲ್ಲಿ ಉಳಿದ ಶೇಂಗಾ ಹಿಂಡಿ. ಎಲ್ಲ ಹಾಕಿ ನೀರು ಬಿಟ್ಟು, ಮುಚ್ಚಳ ಮಾತ್ರ ತೆಗೆಯಬೇಡಿರಿ, ಕಾವು ಹೋಗುತ್ತದೆ ಎಂದು ಅತ್ತೆಗೆ ಹೇಳಿ ಬಸ್ ಹಿಡಿದೆ.

ಸಂಜೆ ಬಂದರೆ ಅತ್ತೆ ಅಡುಗೆಮನೆಯ ಹೊಸ್ತಿಲಲ್ಲೇ ಕೂತಿದ್ದರು. ಮುಖ ಸಪ್ಪಗಿತ್ತು. ಮಧ್ಯಾಹ್ನದ ಭಜನೆಗೂ ಹೋಗಿರಲಿಲ್ಲವಂತೆ.

"ಮುಂಜಾನಿಂದ ಕಿವಿಗೊಟ್ಟು ಕುಂತೀನವಾ, ಒಂದ ಸೀಟಿ ಆಗಿಲ್ಲ" ಅಂದರು.

ಇದು ಸೀಟಿ ಹೊಡೆಯುವ ಕುಕ್ಕರ್ ಅಲ್ಲ ಎಂದು ತಿಳಿಸಿ ಹೇಳಿದೆ. ಹಾಗಾದರೆ ಅದು ಜೀವಂತ ಇದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು ಎಂದು ಅವರು ಕೇಳಿದರು. ಗೊತ್ತಾಗಲಿ ಎಂದೇ ಆಗಾಗ ಮುಚ್ಚಳ ತೆಗೆದು ನೋಡಿದ್ದರು. ತೆಗೆದಾಗಲೆಲ್ಲ ಉಗಿ ಹೋಯಿತು. ಉಗಿ ಹೋಯಿತೆಂದರೆ ನೀರು ಕಡಿಮೆ ಆಯಿತು ಎಂದು ತಿಳಿದು ತಂಬಿಗೆಯಿಂದ ಇಷ್ಟಿಷ್ಟು ನೀರು ಹಾಕಿದ್ದರು. ಗಡಿಗೆ ಕಂಠಮಟ ತುಂಬಿತ್ತು. ಕಾಳು ಬೆಂದಿರಲಿಲ್ಲ, ಬೆಂದವಳು ನಾನೊಬ್ಬಳೇ.

ಪರ್ಸು ಕೂಡ ಹೆಗಲಿನಿಂದ ಇಳಿಸದೆ ನಿಂತಿದ್ದೆ. ನನ್ನ ಮುಖ ನೋಡಿ ಅತ್ತೆಗೆ ಕನಿಕರ ಬಂದಿರಬೇಕು. ಹೋಗಲಿ ಬಿಡು, ನಿನ್ನ ತಮ್ಮನಿಗೆ ಫೋನ್ ಮಾಡಿ ಇದಕ್ಕೊಂದು ಸೀಟಿ ಕೂಡಿಸಿ ಕೊಡು ಅಂತ ಹೇಳು ಎಂದು ಸಮಾಧಾನ ಮಾಡಿದರು.

ಕಂಬದ ಮೇಲಿಂದ ಫೋನು

ನಮ್ಮ ಮನೆಯವರು ಲೈನ್‌ಮನ್. ಊರಿನ ಕರೆಂಟು ತೆಗೆಯುವುದು, ಹಾಕುವುದು ಅವರ ಕೆಲಸ. ಗಡಿಗೆ ಕರೆಂಟಿನ ಮೇಲೆ ನಡೆಯುತ್ತದೆ ಎನ್ನುವುದು ಅವರಿಗೆ ಹೊಳೆದೇ ಇರಲಿಲ್ಲ.

ಒಂದು ಸಂಜೆ ಹಸಿದು ಬಂದು ಊಟಕ್ಕೆ ಕೂತರು. ನಾನು ಗಡಿಗೆಯಲ್ಲಿದ್ದದ್ದನ್ನು ಹಾಗೇ ಬಡಿಸಿದೆ. ಬೇಳೆ ಹಸಿ, ಬಟಾಟಿ ಹಸಿ. ಇದು ಯಾಕೆ ಹೀಗಿದೆ ಎಂದರು. ಮುಂಜಾನೆಯಿಂದ ನಮ್ಮ ಓಣಿಯ ಕರೆಂಟು ತೆಗೆದವರನ್ನು ಕೇಳಿರಿ ಎಂದೆ. ಅವರು ರೊಟ್ಟಿಗೆ ಉಳ್ಳಾಗಡ್ಡಿ ಹಚ್ಚಿಕೊಂಡು ತಿಂದೆದ್ದರು.

ಅಲ್ಲಿಂದ ಮುಂದೆ ರಿಪೇರಿಗೆ ಹೋದಾಗಲೆಲ್ಲ ಮೊದಲು ನನಗೆ ಫೋನ್ ಬರತೊಡಗಿತು. ನಾನು ಯಾರಿಗೋ ಸಲಾಯಿನ್ ಹಚ್ಚುತ್ತಿರುವಾಗ ಕಂಬದ ಮೇಲಿಂದ ಕೇಳುತ್ತಿದ್ದರು: "ಇವತ್ತ ಏನ್ ಇಟ್ಟೀ?"

ಬೇಳೆ ಎಂದರೆ ಕರೆಂಟು ಹೋಗುತ್ತಿತ್ತು. ಮಟನ್ ಎಂದರೆ ಬೇರೆ ಓಣಿಯ ಕೆಲಸ ಮೊದಲು ಮುಗಿಸಿ, ನಮ್ಮದನ್ನು ಸಂಜೆಗೆ ಇಟ್ಟುಕೊಳ್ಳುತ್ತಿದ್ದರು. ಇದು ಗಂಡಹೆಂಡತಿ ಇಬ್ಬರಿಗೇ ಗೊತ್ತು ಎಂದು ನಾವು ತಿಳಿದಿದ್ದೆವು.

ನಮ್ಮ ಹಿತ್ತಲಿನ ಆಚೆ ಒಬ್ಬರ ಪಾವರ್‌ಲೂಮ್ ಇತ್ತು. ಕರೆಂಟು ಹೋದರೆ ಮಗ್ಗ ನಿಲ್ಲುತ್ತಿದ್ದವು, ಕೆಲಸದವರು ಬೀಡಿ ಸೇದುತ್ತ ಕೂಡುತ್ತಿದ್ದರು. ಆ ಮಾಲಕರು ಎಷ್ಟು ದಿನದಿಂದ ಲೆಕ್ಕ ಹಾಕಿದ್ದರೋ ಏನೋ. ಒಂದು ಮುಂಜಾನೆ ನಾನು ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಬಾಗಿಲಿಗೆ ಬಂದು ಕರಿ ಚೀಲವೊಂದನ್ನು ಮುಂದೆ ಹಿಡಿದರು. ತೆಗೆದು ನೋಡಿದರೆ ತೊಳೆದು ತಂದ ಮಟನ್.

"ಅಕ್ಕಾರ, ಇವತ್ತ ಮಾಲ್ ಮುಗಿಸಿ ಕೊಡೋದೈತ್ರಿ. ದಯಮಾಡಿ ಇದನ್ನ ಇಡ್ರಿ."

ಮನೆತನದ ಪಲ್ಯ

ನಾದಿನಿಗೆ ಗಂಡು ಹುಡುಕುತ್ತಿದ್ದ ಕಾಲ. ಒಂದೆರಡು ಸಂಬಂಧ ಕೈಗೆ ಬಂದು ತಪ್ಪಿದ್ದವು. ಅತ್ತೆಗೆ ಅನ್ನ ಸೇರುತ್ತಿರಲಿಲ್ಲ. ಇಚಲಕರಂಜಿ ಕಡೆಯವರು ರವಿವಾರ ಬರುತ್ತೇವೆ ಎಂದಿದ್ದರು. ನಿಪ್ಪಾಣಿಯಲ್ಲಿ ಬೇರೇನೋ ಕೆಲಸ ಬಂತೆಂದು ಹಿಂದಿನ ದಿನವೇ ಬಂದುಬಿಟ್ಟರು.

ಡ್ಯೂಟಿ ಮುಗಿಸಿ ಬಂದರೆ ಬಾಗಿಲಲ್ಲಿ ಗುರುತಿಲ್ಲದ ಚಪ್ಪಲಿಗಳು. ಅತ್ತೆ ನನ್ನನ್ನು ಹಿತ್ತಲ ಬಾಗಿಲಿನಿಂದ ಒಳಗೆ ಎಳೆದುಕೊಂಡು, ಊಟ ಮಾಡಿಯೇ ಹೋಗುತ್ತಾರಂತೆ, ಮನೆಯಲ್ಲಿ ಒಂದು ತಪ್ಪಲು ಪಲ್ಲೆ ಕೂಡ ಇಲ್ಲ ಎಂದು ಅಳುವ ಹಾಗಾದರು. ಸಂತೆ ಮರುದಿನ ಮಾಡುವವರಿದ್ದೆವು.

ಇದ್ದದ್ದು ಗಡಿಗೆಯಲ್ಲಿ ನಾನು ಮುಂಜಾನೆ ಅರೆನಿದ್ದೆಯಲ್ಲಿ ಇಟ್ಟುಹೋದದ್ದಷ್ಟೇ. ಕಡಲೆಬೇಳೆ, ಕುಂಬಳಕಾಯಿಯ ಹೋಳು, ಬಾಡಿದ ಮೆಂತ್ಯ, ಅದೂ ಇದೂ. ಮಸಾಲೆ ಖಾರ ಮುಗಿದಿದ್ದರಿಂದ ಡಬ್ಬಿಗೆ ನೀರು ಹಾಕಿ ಗಲಬರಿಸಿ ಸುರಿದಿದ್ದೆ. ಮುಚ್ಚಳ ತೆಗೆದರೆ ಎಲ್ಲ ಕರಗಿ ಒಂದಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಯಾವುದು ಏನೆಂದು ನನಗೇ ತಿಳಿಯಲಿಲ್ಲ. ಅತ್ತೆ ದೇವರ ಗೂಡಿನ ಕಡೆ ಒಮ್ಮೆ ಕೈಮುಗಿದು ರೊಟ್ಟಿ ಬಡಿಯಲು ಕೂತರು.

ಗಂಡಿನ ತಾಯಿ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದರು. ಆಮೇಲೆ ತಾಟು ಮುಂದೆ ಸರಿಸಿ ಇನ್ನೊಂದಿಷ್ಟು ಹಾಕಿಸಿಕೊಂಡರು.

"ಲಯ್ ಛಾನ್ ಆಗೈತ್ರಿ. ಏನಂತಾರ ಇದಕ್ಕ?"

ಅತ್ತೆ ರೆಪ್ಪೆ ಬಡಿಯಲಿಲ್ಲ. "ಇದು ನಮ್ಮ ಮನಿತನದ ಪಲ್ಯಾರಿ. ನಮ್ಮ ಅತ್ತಿ ಕಾಲದಿಂದ ನಡಕೊಂಡ ಬಂದೈತಿ" ಎಂದರು. ಯಾರು ಮಾಡಿದ್ದು ಎಂದು ಅವರು ಕೇಳಿದಾಗ, ಮತ್ತ್ಯಾರು, ನಮ್ಮ ಹುಡುಗಿಯೇ ಎಂದುಬಿಟ್ಟರು. ಕುಂಬಳಕಾಯಿ ಹೆಚ್ಚಲೂ ಬಾರದ ನಾದಿನಿ ತಲೆ ತಗ್ಗಿಸಿದಳು. ಬಂದವರು ಅದನ್ನು ನಾಚಿಕೆ ಎಂದು ತಿಳಿದರು. ಅಲ್ಲೇ ಎಲೆ ಅಡಿಕೆ ಹಂಚಿದರು.

ಮದುವೆಯಾಗಿ ಹೋದವಳು ಕೆಲವೇ ದಿನಗಳಲ್ಲಿ ಪಿಸುದನಿಯಲ್ಲಿ ಫೋನ್ ಮಾಡಿದಳು. "ವೈನಿ, ಅತ್ತಿ ದಿನಾ ಆ ಪಲ್ಯಾ ಕೇಳಾಕತ್ತಾರ. ಅದರಾಗ ಏನೇನ ಹಾಕಿದ್ರಿ?"

ದೇವರಾಣೆ, ನನಗೆ ನೆನಪಿರಲಿಲ್ಲ. ಕೈಗೆ ಸಿಕ್ಕಿದ್ದೆಲ್ಲ ಹಾಕು, ಮುಚ್ಚಳ ತೆಗೆಯಬೇಡ ಎಂದು ಹೇಳಿ, ಅವಳಣ್ಣನ ಕೈಯಲ್ಲಿ ಗಡಿಗೆಯನ್ನೇ ಕಳಿಸಿಕೊಟ್ಟೆ. ಅವಳ ಸಂಸಾರ ನೆಟ್ಟಗಾಯಿತು. ನಾನು ಮತ್ತೆ ಒಲೆಯ ಮುಂದೆ ನಿಂತೆ.

ದೀಪಾವಳಿಗೆ ಆ ಬೀಗತಿ ನಮ್ಮಲ್ಲಿಗೆ ಬಂದರು. ಆವತ್ತು ವಾರ್ಡಿನಲ್ಲಿ ಜನವೋ ಜನ. ಬಂದವಳೇ ಸೀರೆ ಕೂಡ ಬದಲಿಸದೆ, ಇದ್ದ ಬೇಳೆಗೆ ಇದ್ದ ಖಾರ ಹಾಕಿ ಸಾರು ಮಾಡಿ ಬಡಿಸಿದೆ. ಅವರು ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ಕೈ ತೊಳೆಯುವಾಗ ಅತ್ತೆಯನ್ನು ಪಕ್ಕಕ್ಕೆ ಕರೆದು, ನನಗೂ ಕೇಳಿಸುವ ಹಾಗೆ, ನಿಜವಾದ ಕಳಕಳಿಯಿಂದ ಹೇಳಿದರು:

"ಮಗಳು ತವರಿಗೆ ಬಂದಾಗ, ಈ ಸೊಸಿಗೂ ಸ್ವಲ್ಪ ಅಡಗಿ ಕಲಿಸಿ ಹೋಗು ಅಂತ ಹೇಳ್ರಿ. ಪಾಪ, ಹುಡುಗಿ ಸ್ವಭಾವ ಚಲೋ ಐತಿ."

ಅತ್ತೆ ನನ್ನ ಕಡೆ ತಿರುಗಿಯೂ ನೋಡದೆ, "ಹೇಳ್ತೀನ್ರಿ" ಅಂದರು.